ಮಕ್ಕಳು ಮನೆಯ ಪ್ರಾರ್ಥನೆಗೆ ಕೂರುತ್ತಿಲ್ಲ, ನಿಮ್ಮ ಅನುಭವ ಹೇಳಿ

ಪ್ರಶ್ನೆ: ನಾವು ಬಂಟ್ವಾಳ ಕಡೆಯ ಕಥೋಲಿಕರು, ಈಗ ಬೆಂಗಳೂರಿನಲ್ಲಿದ್ದೇವೆ. ಮಗನಿಗೆ 13, ಮಗಳಿಗೆ 7. ಅತ್ತೆ ಊರಿಂದ ಬಂದಾಗ ಸಂಜೆ ತೇರ್ಸ್ (ಜಪಸರದ ಪ್ರಾರ್ಥನೆ) ಹೇಳುತ್ತಾರೆ. ಮಕ್ಕಳು ಎರಡು ನಿಮಿಷ ಕೂತು, ಜಪಸರ ಅಲ್ಲೇ ಇಟ್ಟು ಎದ್ದು ಹೋಗುತ್ತಾರೆ. ಕೊಂಕಣಿ ಪ್ರಾರ್ಥನೆ ಅವರಿಗೆ ಬಾಯಿಗೆ ಬರುವುದಿಲ್ಲ. ಅತ್ತೆಗೆ ಬೇಜಾರು, ನನಗೆ ಸಂಕಟ. ಬೈದು ಕೂರಿಸಲು ಮನಸ್ಸಿಲ್ಲ. ನೀವೆಲ್ಲ ಏನು ಮಾಡಿದಿರಿ?

ಮಂಗಳೂರಿನಿಂದ: ನಾನು ಮೊಮ್ಮಕ್ಕಳಿರುವ ಅಜ್ಜಿ. ಬೈಯದೆ ಇರುವುದು ಒಳ್ಳೆಯದೇ ಮಗಳೇ, ಆದರೆ ಸುಮ್ನೆ ಬಿಟ್ಟುಬಿಡಬೇಡಿ. ಮಕ್ಕಳ ಕೈಗೆ ಒಂದು ಕೆಲಸ ಕೊಡಿ. ಮೇಣದ ಬತ್ತಿ ಹಚ್ಚುವುದು ಮಗಳ ಪಾಲು. ಇವತ್ತು ಯಾರಿಗಾಗಿ ಪ್ರಾರ್ಥನೆ ಅಂತ ಮಗ ಹೇಳಲಿ. ತೇರ್ಸ್‌ನ ಐದೂ ರಹಸ್ಯ, ಅಂದರೆ ಐದೂ ಭಾಗ ಬೇಡ, ಸದ್ಯಕ್ಕೆ ಒಂದು ಸಾಕು. ನಮ್ಮ ಚಿಕ್ಕವಳು ಒಂದು ದಿನ ಶಾಲೆಯ ಆಟೋ ಅಂಕಲ್ ಕಾಲು ಮುರಿದಿದೆ, ಅವರಿಗೆ ಅಂದಳು. ಮರುದಿನ ನಾವೇ ಅವಳನ್ನು "ಅಂಕಲ್ ಹೇಗಿದ್ದಾರೆ?" ಎಂದು ಕೇಳಿದೆವು. ಆಮೇಲೆ ಅವಳೇ ದಿನಾ ಒಂದೊಂದು ಹೆಸರು ತರತೊಡಗಿದಳು.

ಪ್ರಾರ್ಥನೆ ಮುಗಿದ ಮೇಲೆ ಬೆಸಾಂವ್ (ಹಿರಿಯರ ಆಶೀರ್ವಾದ) ಕೇಳುವ ಪದ್ಧತಿ ಮಾತ್ರ ಬಿಡಬೇಡಿ. ಮಗು ಕೈಮುಗಿದು ಎದುರು ನಿಲ್ಲಲಿ, ಅಜ್ಜಿ ಆಶೀರ್ವಾದ ಮಾಡಲಿ. ಕೊಂಕಣಿ ಬಾರದ ಮಗುವಿಗೂ ಅದು ತಿಳಿಯುತ್ತದೆ.

ಮೊಂತಿ ಫೆಸ್ತ್‌ಗೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬ ಮತ್ತು ಹೊಸ ತೆನೆಯ ಹಬ್ಬಕ್ಕೆ, ಊರಿಗೆ ಕರೆದುಕೊಂಡು ಬನ್ನಿ. ಸೆಪ್ಟೆಂಬರ್ 8ರಂದು ಬಂದು ಊಟ ಮಾಡಿ ಹೋದರೆ ಸಾಲದು. ಆಗಸ್ಟ್ 30ರಿಂದಲೇ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಶುರು. ಒಂದೆರಡು ದಿನವಾದರೂ ಮಕ್ಕಳು ಹಿತ್ತಿಲಿನ ಹೂ ಕೊಯ್ದು, ಬುಟ್ಟಿಯಲ್ಲಿ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸಲಿ. ಹಬ್ಬದ ದಿನ ಇಗರ್ಜಿಯಿಂದ (ಚರ್ಚ್‌ನಿಂದ) ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಕಾಳು ಸುಲಿಯಲು ಮಕ್ಕಳನ್ನೇ ಕೂರಿಸಿ. ಉಗುರಿನಲ್ಲಿ ಸಿಪ್ಪೆ ಬಿಡಿಸಲು ಹೊತ್ತು ಹಿಡಿಯುತ್ತದೆ, ಅತ್ತೆ ಕತೆ ಹೇಳಲು ಅದೇ ಸಮಯ. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ನಮ್ಮವರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದದ್ದು, 1799ರ ನಂತರ ಉಳಿದವರು ಮರಳಿ ಬಂದು ಮತ್ತೆ ಇಗರ್ಜಿ ಕಟ್ಟಿದ್ದು. "ಅಷ್ಟು ಕಷ್ಟಪಟ್ಟರೂ ಯಾಕೆ ಬಿಡಲಿಲ್ಲ?" ಎಂದು ನಮ್ಮ ದೊಡ್ಡವನು ತಾನಾಗಿ ಕೇಳಿದ. ಆ ಕಾಳನ್ನು ಪುಡಿ ಮಾಡಿ ಪಾಯಸಕ್ಕೋ ತೆಂಗಿನಹಾಲಿಗೋ ಹಾಕಿ, ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ದುಬೈನಲ್ಲಿರುವ ಮಗನಿಗೂ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತದೆ. ವಿಳಾಸ ಬರೆಯುವವರು ಮೊಮ್ಮಕ್ಕಳು.

ಹುಬ್ಬಳ್ಳಿಯಿಂದ: ನಮ್ಮದು ಬಾಸೆಲ್ ಮಿಶನ್ ಕಾಲದ ಪ್ರೊಟೆಸ್ಟಂಟ್ ಮನೆತನ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ನಮ್ಮ ಮಕ್ಕಳದ್ದು ಇಂಗ್ಲಿಷ್ ಮೀಡಿಯಂ, ಕನ್ನಡ ಬೈಬಲ್ ಓದಲು ತಡವರಿಸುತ್ತಾರೆ. ಅದಕ್ಕೆ ಅಜ್ಜ ಒಂದು ವಚನ ಕನ್ನಡದಲ್ಲಿ ಓದುತ್ತಾರೆ, ಮಗಳು ಅದನ್ನೇ ಇಂಗ್ಲಿಷ್‌ನಲ್ಲಿ ಓದುತ್ತಾಳೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ, ಘಟನೆ ಜಾಸ್ತಿ, ಉಪದೇಶ ಕಡಿಮೆ. ಇನ್ನೊಂದು ಮಾತು. ಬೈಬಲ್‌ನಲ್ಲಿ ಬರುವ ಯುವ ಶಿಷ್ಯ ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿ, ತಾಯಿ ಯೂನಿಕೆಯಲ್ಲಿ ಇತ್ತು ಅಂತ ಪೌಲ ಬರೆಯುತ್ತಾನೆ ಅಲ್ವಾ? ನಡುವೆ ತಾಯಿ ಇದ್ದಾಳೆ. ಅತ್ತೆ ಪ್ರಾರ್ಥನೆಗೆ ಕೂತಾಗ ನೀವು ಒಲೆ ಆರಿಸಿ ಬಂದು ಕೂತುಕೊಳ್ಳಿ. ನಿಮ್ಮ ಯಜಮಾನರೂ ಫೋನ್ ಬದಿಗಿಟ್ಟು ಬರಲಿ. ಅಪ್ಪ ಕೂರದ ಜಾಗದಲ್ಲಿ 13ರ ಹುಡುಗ ಕೂರುವುದಿಲ್ಲ.

ಬೆಂಗಳೂರಿನಿಂದ: ಆ ವಯಸ್ಸಿನ ಮಗನ ಬಗ್ಗೆ ನನ್ನದೊಂದು ಅನುಭವ. ನನ್ನ ಮಗ "ದೇವರಿದ್ದರೆ ಅಜ್ಜನಿಗೆ ಕ್ಯಾನ್ಸರ್ ಯಾಕೆ ಬಂತು?" ಅಂತ ಅವನ ಅಜ್ಜಿಯನ್ನೇ ಕೇಳಿಬಿಟ್ಟ. ನಮಗೆಲ್ಲ ಉಸಿರು ಹಿಡಿದ ಹಾಗಾಯಿತು. ಅಮ್ಮ ಕೋಪ ಮಾಡಿಕೊಳ್ಳಲಿಲ್ಲ. "ನನಗೂ ಗೊತ್ತಿಲ್ಲ ಕಂದಾ, ನಾನೂ ದಿನಾ ಅದನ್ನೇ ದೇವರ ಹತ್ರ ಕೇಳ್ತೀನಿ" ಅಂದರು. ಈಗ ಅವನು ಚರ್ಚ್ ಕ್ವಾಯರ್‌ನಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಎಲ್ಲವನ್ನೂ ನಂಬುತ್ತಾನಾ ಅಂತ ನಾನು ಒತ್ತಿ ಕೇಳಿಲ್ಲ. ನಿಮ್ಮ ಅತ್ತೆಯವರಿಗೆ ಮೊದಲೇ ಹೇಳಿಡಿ: ಹುಡುಗ ಇಂಥದ್ದು ಕೇಳಿದರೆ ಗದರಿಸುವುದು ಬೇಡ.