ಅಪ್‌ಡೇಟ್: ಅಜ್ಜನ ರೀಲುಗಳಿಗೆ ಪ್ರೊಜೆಕ್ಟರ್ ಸಿಕ್ಕಿತು
ಅಜ್ಜನ 8 ಮಿ.ಮೀ. ರೀಲುಗಳಿಗೆ ಯಾವ ಪ್ರೊಜೆಕ್ಟರ್ ಕೊಳ್ಳಲಿ ಎಂದು ಕೇಳಿದ್ದೆ. ಮೊದಲು ಫಿಲ್ಮಿನ ಅಂಚಿನ ರಂಧ್ರ ನೋಡಿ ಎಂದಿರಿ. ಆ ಮಾತೇ ನನ್ನನ್ನು ಕಾಪಾಡಿತು. 8 ಮಿ.ಮೀ. ಫಿಲ್ಮಿನಲ್ಲಿ ಎರಡು ಬಗೆ: ಹನ್ನೊಂದು ರೀಲುಗಳಲ್ಲಿ ಎಂಟು ದೊಡ್ಡ ರಂಧ್ರದ ಹಳೆಯ ಬಗೆ, ರೆಗ್ಯುಲರ್ 8; ಉಳಿದ ಮೂರು 1965ರಲ್ಲಿ ಕೊಡ್ಯಾಕ್ ತಂದ, ಸಣ್ಣ ರಂಧ್ರದ ಸೂಪರ್ 8. ಹಾಗಾಗಿ ಸೂಪರ್ 8 ಮಾತ್ರ ಓಡಿಸುವ ಚೆಂದದ ಯಂತ್ರವನ್ನು ಬಿಟ್ಟು, ಎರಡನ್ನೂ ಓಡಿಸುವ ಯಂತ್ರ ಕೊಂಡೆ. ಒಳಗಿನ ರಬ್ಬರ್ ಬೆಲ್ಟ್ ಅಂಟಂಟಾಗಿತ್ತು, ಬದಲಾಯಿಸಿದೆ. ಗೀರು ಬೀಳುತ್ತದೆಯೇ ಎಂದು ಬೇಡದ ತುಂಡು ಫಿಲ್ಮ್ ಓಡಿಸಿ ಪರೀಕ್ಷಿಸಿದೆ. ದಯವಿಟ್ಟು ಯಾರೂ ಈ ಪರೀಕ್ಷೆಯನ್ನು ಬಿಡಬೇಡಿ. ವಿನೆಗರ್ ವಾಸನೆ (ಫಿಲ್ಮ್ ಹಾಳಾಗುತ್ತಿರುವ ಲಕ್ಷಣ) ಬಂದು ಸುರುಟಿಕೊಂಡಿದ್ದ ಒಂದು ರೀಲನ್ನು ಯಂತ್ರಕ್ಕೆ ಹಾಕದೆ ಬೇರೆ ಇಟ್ಟಿದ್ದೇನೆ.

ಮೊನ್ನೆ ರಾತ್ರಿ ಬಿಳಿ ಪಂಚೆಯ ಮೇಲೆ, ಅಂಗಳದಲ್ಲಿ ರಂಗೋಲಿ ಇಡುತ್ತಿದ್ದ ಅಜ್ಜಿ ಕಂಡರು. ಅಮ್ಮ ಅದನ್ನೇ ಮೂರು ಸಲ ಹಾಕಿಸಿದರು.