ಅಪ್‌ಡೇಟ್: ಕಾಂಟೆಸ್ಸಾದ ‘ಟಕ್’ ಹೋಯಿತು, ಕಿರುಗುಟ್ಟುವಿಕೆ ಬಂತು

ನನ್ನ ಹಳೆಯ ಕಾಂಟೆಸ್ಸಾ ಕಾರು ಆಗುಂಬೆ ಘಾಟಿಯ ತಿರುವುಗಳಲ್ಲಿ ದೋಣಿಯಂತೆ ವಾಲುತ್ತದೆ, ಆಕ್ಸಿಲರೇಟರ್ ಬಿಟ್ಟು ಒತ್ತಿದಾಗಲೆಲ್ಲ ಅಡಿಯಲ್ಲಿ ‘ಟಕ್’ ಎನ್ನುತ್ತದೆ, ಗಟ್ಟಿ ಸ್ಪ್ರಿಂಗ್ ಹಾಕಿಸಲೇ ಎಂದು ಮಳೆಗಾಲಕ್ಕೆ ಮುಂಚೆ ಕೇಳಿದ್ದೆ. ‘ಸ್ಪ್ರಿಂಗ್ ಮುಟ್ಟಬೇಡಿ, ಮೊದಲು ಬುಶ್ (ಕೀಲುಗಳಲ್ಲಿ ಕೂರುವ ಮೆತ್ತೆ), ಶಾಕ್ ಅಬ್ಸಾರ್ಬರ್ ನೋಡಿಸಿ’ ಎಂದವರಿಗೆ ದೊಡ್ಡ ನಮಸ್ಕಾರ.

ಶಿವಮೊಗ್ಗದ ಮೆಕ್ಯಾನಿಕ್ ಮುಂದಿನ ಚಕ್ರ ಹಿಡಿದಿರುವ ಆರ್ಮ್ ಬಿಚ್ಚಿದಾಗ ರಬ್ಬರ್ ಬುಶ್ ಚಕ್ಕುಲಿಯಂತೆ ಬೆರಳಲ್ಲೇ ಪುಡಿಯಾಯಿತು. ಸದ್ದಿನ ಮೂಲ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ಶಿಲುಬೆಯಾಕಾರದ ಕೀಲು. ಕಪ್ ತೆಗೆದರೆ ಗ್ರೀಸಿನ ಬದಲು ಕೆಂಪು ತುಕ್ಕಿನ ಹುಡಿ; ಸೂಜಿ ಬೇರಿಂಗ್ ಕೊರೆದ ಗೀರುಗಳು ಉಗುರಿಗೆ ಸಿಕ್ಕುತ್ತಿದ್ದವು. ಇಸುಜು 1.8 ಇಂಜಿನ್ನಿನ ಎಳೆತವೆಲ್ಲ ಹಿಂದಿನ ಚಕ್ರಕ್ಕೆ ಹೋಗುವುದು ಈ ಶಾಫ್ಟಿನಿಂದಲೇ. ಕ್ರಾಸ್ ಸಡಿಲವಾದಷ್ಟೂ ಪೆಟ್ಟು ಜೋರು.

ಶಾಕ್ ಅಬ್ಸಾರ್ಬರ್ ನಾಲ್ಕೂ ಹೊಸವು, ಗ್ಯಾಸ್ ತುಂಬಿದವು. ಸ್ಪ್ರಿಂಗ್ ಹಳೆಯವೇ. ಬುಶ್ ಮಾತ್ರ ದುರಾಸೆಯಿಂದ ರಬ್ಬರ್ ಬಿಟ್ಟು ಪಾಲಿಯುರೆಥೇನಿನದು ಹಾಕಿಸಿದೆ. ತೀರ್ಥಹಳ್ಳಿ ದಾಟುವಷ್ಟರಲ್ಲಿ ಹಳೆಯ ಮನೆಯ ಬಾಗಿಲಿನಂತೆ ಕಿರುಗುಟ್ಟತೊಡಗಿತು. ಸಿಲಿಕೋನ್ ಗ್ರೀಸ್ ಹಚ್ಚಿಯೇ ಕೂರಿಸಬೇಕಿತ್ತಂತೆ, ಈಗ ಮತ್ತೆ ಬಿಚ್ಚುವ ಕೆಲಸ.

ಘಾಟಿಯ 14 ತಿರುವುಗಳನ್ನೂ ಇಳಿದು ಹತ್ತಿದೆ. ಹಿಂದೆ ಕುಳಿತಿದ್ದ ಅಮ್ಮ ಈ ಬಾರಿ ನಿಂಬೆಹಣ್ಣು ಕೇಳಲಿಲ್ಲ. ಹಿಂದಿನ ಎರಡು ಚಕ್ರಗಳಿಗೆ ಎಳೆತ ಹಂಚುವ ಡಿಫರೆನ್ಷಿಯಲ್ ಮಾತ್ರ, ವೇಗ ಅರವತ್ತು ದಾಟಿದರೆ ಇನ್ನೂ ಗುಂಯ್ ಎನ್ನುತ್ತಿದೆ, ಅದನ್ನು ಬೇಸಿಗೆಯಲ್ಲಿ ಬಿಚ್ಚಿಸುತ್ತೇನೆ.