‘ಕರಡು ಪರಿಶೀಲನೆಗಾಗಿ’ ಎಂದು ಬರೆದರೆ ಸಾಕೇ?

ಪ್ರಶ್ನೆ:
ನಮಸ್ಕಾರ. ಮಂಡ್ಯ ಭಾಗದ ಕಬ್ಬು ಬೆಳೆಗಾರರಿಗಾಗಿ ಹನಿ ನೀರಾವರಿಯ ಪಂಪು, ಫಿಲ್ಟರ್ ಬಗ್ಗೆ ಕನ್ನಡದಲ್ಲೇ ಒಂದು ಕೈಪಿಡಿ ತಯಾರಾಗುತ್ತಿದೆ. ಅಚ್ಚಿಗೆ ಹೋಗುವ ಮುಂಚೆ ಒಬ್ಬ ಎಂಜಿನಿಯರ್, ಒಬ್ಬ ಫಿಟ್ಟರ್, ಇಬ್ಬರು ಬೆಳೆಗಾರರು ನೋಡಿಕೊಡಬೇಕು. ಜೊತೆಗಿಡುವ ಪತ್ರದಲ್ಲಿ ಡ್ರಾಫ್ಟ್, ರಿವ್ಯೂ, ಕಮೆಂಟ್, ಸಜೆಶನ್ ಇವಕ್ಕೆ ಯಾವ ಪದ ಹಾಕುವುದು? ‘ಕರಡು ಪರಿಶೀಲನೆಗಾಗಿ’ ಎಂದರೆ ಸಾಕೇ?

ಉತ್ತರ:
‘ಕರಡು’ ಸರಿಯಾದ ಪದವೇ. ಆದರೆ ಅದಕ್ಕೆ ಎರಡು ಬಳಕೆಗಳಿವೆ, ಪೇಚಿರುವುದು ಅಲ್ಲೇ. ಮೈಸೂರಿನ ಅಚ್ಚುಕೂಟದವರಿಗೂ ಪತ್ರಿಕೆಯವರಿಗೂ ಕರಡು ಎಂದರೆ ಕರಡಚ್ಚು, ಅಂದರೆ ಪ್ರೂಫ್. ‘ಕರಡು ತಿದ್ದಿ’ ಎಂದರೆ ಅವರು ಕಾಗುಣಿತ, ಒತ್ತಕ್ಷರ ನೋಡುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಕರಡು ಎಂದರೆ ಇನ್ನೂ ಅಂತಿಮವಾಗದ ಬರಹ: ಕರಡು ಅಧಿಸೂಚನೆ, ಕರಡು ಮತದಾರರ ಪಟ್ಟಿ. ಅರಬ್ಬಿಯಿಂದ ಬಂದ ‘ಮಸೂದೆ’ಗೂ ಮೂಲದಲ್ಲಿ ಕರಡೆಂದೇ ಅರ್ಥ, ಕನ್ನಡದಲ್ಲಿ ಅದು ಶಾಸನಸಭೆಗೆ ಸೇರಿಹೋದದ್ದರಿಂದ ಈಗ ‘ಕರಡು ಮಸೂದೆ’ ಎನ್ನಬೇಕಾಗಿದೆ.

‘ಪರಿಶೀಲನೆ’ಯನ್ನು ಬಿಡಿ. ಅದು ಕಡತದ ಭಾಷೆ; ‘ಪರಿಶೀಲಿಸಲಾಗಿದೆ’ ಎಂಬ ಸಹಿಯೊಂದಿಗೆ ವಾಪಸು ಬಂದುಬಿಡುತ್ತದೆ. ‘ವಿಮರ್ಶೆ’ ಕಥೆ, ಕವಿತೆಗೆ ಇರಲಿ.

ಕರಡಿನಲ್ಲಿ ಹೀಗೊಂದು ಸಾಲಿದೆ ಎನ್ನಿ: ‘ಸ್ಯಾಂಡ್ ಫಿಲ್ಟರಿನ ಎರಡು ಗೇಜುಗಳ ವೆತ್ಯಾಸ 5 ಕೆಜಿ ದಾಟಿದರೆ ಬ್ಯಾಕ್‌ವಾಶ್ ಮಾಡಿ.’ (ಗೇಜು ಎಂದರೆ ನೀರಿನ ಒತ್ತಡ ತೋರಿಸುವ ಮಾಪಕ; ಬ್ಯಾಕ್‌ವಾಶ್ ಎಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರಿನ ಮರಳನ್ನು ತೊಳೆಯುವುದು.) ಕರಡು ತಿದ್ದುವವರು ‘ವೆತ್ಯಾಸ’ವನ್ನು ‘ವ್ಯತ್ಯಾಸ’ ಮಾಡಿ ಕೊಡುತ್ತಾರೆ. 5 ಹಾಗೇ ಉಳಿಯುತ್ತದೆ. ಅಲ್ಲಿರಬೇಕಾದದ್ದು ಚದರ ಸೆಂಟಿಮೀಟರಿಗೆ 0.5 ಕೆಜಿ. ಗೇಜಿನಲ್ಲಿ 5ರ ವ್ಯತ್ಯಾಸ ಬರಲಿ ಎಂದು ಕಾಯುವ ಬೆಳೆಗಾರ ಬ್ಯಾಕ್‌ವಾಶ್ ಮಾಡುವುದೇ ಇಲ್ಲ. ನಾಲೆ ನೀರಿನ ಪಾಚಿ, ಹೂಳು ಮರಳಿನಲ್ಲಿ ಕಟ್ಟಿಕೊಂಡು ಕೊನೆಯ ಸಾಲಿನ ಕಬ್ಬಿಗೆ ನೀರು ಮುಟ್ಟುವುದಿಲ್ಲ.

ಆದ್ದರಿಂದ ರಿವ್ಯೂಗೆ ಒಂದೇ ನಾಮಪದ ಹುಡುಕುವ ಬದಲು ಯಾರು ಏನು ಮಾಡಬೇಕೋ ಆ ಕ್ರಿಯಾಪದವನ್ನೇ ಬರೆಯಿರಿ. ಎಂಜಿನಿಯರಿಗೆ: ‘ಅಂಕಿ, ಅಳತೆಯ ಮಾನಗಳನ್ನು ತಾಳೆ ನೋಡಿ.’ ಫಿಟ್ಟರಿಗೆ: ‘ಇದರಲ್ಲಿರುವಂತೆಯೇ ಒಂದೊಂದಾಗಿ ಮಾಡಿ ನೋಡಿ, ಕೈ ನಿಂತ ಕಡೆ ಗುರುತು ಹಾಕಿ.’ ಬೆಳೆಗಾರರಿಗೆ: ‘ಅರ್ಥವಾಗದ ಪದದಡಿ ಗೆರೆ ಎಳೆಯಿರಿ.’ ಕಾಗುಣಿತ ಕೊನೆಗೆ, ಬೇರೆಯವರಿಂದ. ಮೊದಲೇ ತಿದ್ದಿಸಿದರೆ ಆ ಕೆಲಸ ಎರಡು ಸಲ ಆಗುತ್ತದೆ.

ಸಜೆಶನ್‌ಗೆ ‘ಸಲಹೆ’ ಎನ್ನಿ. ‘ಸೂಚನೆ’ ಬೇಡ, ಕೈಪಿಡಿಯೊಳಗೆ ಅದು ಬಳಸುವವರು ಪಾಲಿಸಬೇಕಾದ ಮಾತು. ಕಮೆಂಟ್‌ಗೆ ‘ಟಿಪ್ಪಣಿ’ ರೂಢಿಯಲ್ಲಿದೆ. ಕಾಗದದಲ್ಲಿ ಕೊಡುವ ಪ್ರತಿಯಾದರೆ ಬಲಗಡೆ ಒಂದು ಖಾಲಿ ಕಲಂ ಬಿಟ್ಟು ‘ಷರಾ’ ಎಂದು ತಲೆಬರಹ ಕೊಡಿ. ಲೆಕ್ಕದ ಪುಸ್ತಕ ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಎಷ್ಟು ಚೆಂದದ ಪದ, ಸುಮ್ಮನೆ ಮೂಲೆಗೆ ಸರಿಯುತ್ತಿದೆ.

ಗೂಗಲ್ ಡಾಕ್ಸ್ ಕೊಂಡಿ ಕಳಿಸುವುದಾದರೆ ‘ಕಮೆಂಟರ್’ ಹಕ್ಕು ಸಾಕು, ಅದರಲ್ಲೇ ಸಲಹೆಯನ್ನೂ ಬರೆಯಬಹುದು. ‘ಎಡಿಟರ್’ ಹಕ್ಕು ಕೊಟ್ಟರೆ ಮೂಲದ ಸಾಲನ್ನೇ ಅಳಿಸಿ ಬರೆಯುತ್ತಾರೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಭಾಗಗಳಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ, ಇಲ್ಲವಾದರೆ ಎದುರಿನವರ ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಬದಲಿಸುವಾಗ ‘ಬ್ಯಾಕ್‌ವಾಶ್’ ಕೆಲವೆಡೆ ‘ಬ್ಯಾಕ್ವಾಶ್’ ಆಗಿರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಹುಡುಕಿ ಸರಿಪಡಿಸಿ.

‘ಆವೃತ್ತಿ’ ಅಚ್ಚಾದ ಪುಸ್ತಕಕ್ಕೆ ಸಲ್ಲುವ ಮಾತು. ಇಲ್ಲಿ ‘ಕರಡು 3’ ಎಂದು ತಾರೀಖಿನ ಜೊತೆ ಪ್ರತಿ ಪುಟದ ಅಡಿಯಲ್ಲಿ ಹಾಕಿ. ಗಡುವನ್ನು ‘25ರೊಳಗೆ’ ಎಂದು ಬರೆದರೆ 25 ಸೇರಿತೋ ಬಿಟ್ಟಿತೋ ತಿಳಿಯದು. ‘25ರ ಸಂಜೆ 5 ಗಂಟೆಯವರೆಗೆ’ ಎನ್ನಿ.